ಹಂಸಭಾವಿಗೆ ಮುಂಚೆಯೇ ಬಂದ್ ಆಗುತ್ತಿದ್ದ ಕಂಪ್ಯೂಟರು

ನಮ್ಮ ಮನೆಯ ಕಂಪ್ಯೂಟರನ್ನು ಕದ್ದುಮುಚ್ಚಿ ಬಂದ್ ಮಾಡುವವಳು ನಾನೇ ಎಂದು ನಮ್ಮಪ್ಪ ಎರಡು ತಿಂಗಳು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದ. ಹಿರೇಕೆರೂರಿನಲ್ಲಿ ನಮ್ಮ ಓಣಿಯ ಮಾತು ಸಂತೆ ಬಯಲು ಮುಟ್ಟಲು ಒಂದು ಕಪ್ ಚಹಾ ಆರುವಷ್ಟು ಹೊತ್ತು ಸಾಕು. ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಅಂಗಡಿ ಇದೆ, ಆನ್‌ಲೈನ್ ಅರ್ಜಿ ತುಂಬುವುದು, ಪ್ರಿಂಟು ತೆಗೆಯುವುದು, ಇಂಥ ಕೆಲಸ. ಒಂದು ದಿನ ಬಾಗಿಲು ತೆಗೆದು ಕಸ ಹೊಡೆಯುವುದರೊಳಗೆ ಅರ್ಜಿ ತುಂಬಿಸಲು ಬಂದ ಹೆಂಗಸೊಬ್ಬಳು, "ಹಿರ್ಯಾರು ಆಟ ಆಡಿದ್ರ ಆಡ್ಲಿ ಬಿಡ್ರಿ ಅಕ್ಕಾರ. ಯಾಕ ಬಂದ್ ಮಾಡ್ತೀರಿ?" ಎಂದು ನನಗೇ ಬುದ್ಧಿ ಹೇಳಿದಳು. ಮೈಯೆಲ್ಲ ಉರಿದು ಹೋಯಿತು. ಅವಳ ಅರ್ಜಿ ತುಂಬಿಕೊಟ್ಟೆ. ಆದರೆ ಪ್ರಿಂಟರಿನ ಮುಚ್ಚಳ ಹಾಕಿದ ರಭಸಕ್ಕೆ ಅದರ ಒಂದು ಕೊಂಡಿ ಮುರಿಯಿತು, ಇವತ್ತಿಗೂ ಅದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿದ್ದೇನೆ.

ನನ್ನ ಸಿಟ್ಟಿನ ಬಗ್ಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ನನಗೆ ನಲವತ್ತು ದಾಟಿದೆ, ಮದುವೆ ಆಗಲಿಲ್ಲ, ಅದಕ್ಕೆ ನನ್ನ ಬಾಯಿಯೇ ಕಾರಣ ಎಂದು ಅವ್ವ ಹೇಳುತ್ತಾಳೆ. ಇರಬಹುದು. ಆದರೆ ಆ ಬಾಯಿ ನನಗೆ ಎಲ್ಲಿಂದ ಬಂತು ಎಂಬುದನ್ನು ಅವಳು ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಇರುವುದು ಮೂರೇ ಜನ, ಅಪ್ಪ, ಅವ್ವ, ನಾನು. ಅದರಲ್ಲಿ ಅಪ್ಪ ನನ್ನ ಜೊತೆ ಮಾತು ಬಿಟ್ಟು ಆಗಲೇ ಒಂಬತ್ತು ವರ್ಷವಾಗಿತ್ತು. ಏನು ಹೇಳುವುದಿದ್ದರೂ ಅವ್ವನ ಮುಖ ನೋಡಿ ಹೇಳುತ್ತಿದ್ದ. ನಾನು ಎರಡು ಮಾರು ದೂರದಲ್ಲಿ ರೊಟ್ಟಿ ತಿನ್ನುತ್ತ ಕೂತಿದ್ದರೂ, "ಉಪ್ಪು ಈ ಕಡೆ ಸರಸು ಅಂತ ಆಕಿಗೆ ಹೇಳು" ಎನ್ನುತ್ತಿದ್ದ. ನಾನೂ ಏನು ಕಡಿಮೆ? "ಕೈ ಚಾಚಿದ್ರ ಸಿಗ್ತೈತಿ ಅಂತ ಅವರಿಗೆ ಹೇಳವ್ವ" ಎನ್ನುತ್ತಿದ್ದೆ. ನಮ್ಮಿಬ್ಬರ ನಡುವೆ ಕೂತು ಅವ್ವ ನಿಟ್ಟುಸಿರು ಬಿಟ್ಟು ತಾನೇ ಉಪ್ಪು ಸರಿಸುತ್ತಿದ್ದಳು.

ಮಾತು ಬಿಟ್ಟದ್ದಕ್ಕೆ ಕಾರಣ ಇತ್ತು. ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್. ಹಾನಗಲ್ಲು, ಶಿಗ್ಗಾವಿ, ಸವಣೂರು, ಯಲವಿಗಿ ಸ್ಟೇಷನ್ನು, ಎಲ್ಲ ದಾರಿಯ ಎಲ್ಲ ಗುಂಡಿಗಳೂ ಅವನಿಗೆ ಗೊತ್ತು. ಕೊನೆಗೆ ಓಡಿಸುತ್ತಿದ್ದದ್ದು ಹಂಸಭಾವಿ ಮೇಲೆ ಹೋಗುವ ಹಾವೇರಿ ಬಸ್ಸು. ಒಂದು ಬೆಳಗ್ಗೆ, ಹಂಸಭಾವಿ ಇನ್ನೂ ಎರಡು ಮೈಲಿ ಇರುವಾಗ, ತಿರುವಿನಲ್ಲಿ ತಿರುಗದೆ ಬಸ್ಸು ನೆಟ್ಟಗೆ ಗೋವಿನಜೋಳದ ಹೊಲಕ್ಕೆ ನುಗ್ಗಿ ನಿಂತಿತು. ದೇವರು ದೊಡ್ಡವನು, ಒಬ್ಬರಿಗೂ ಪೆಟ್ಟಾಗಲಿಲ್ಲ. ಒಬ್ಬ ಮುದುಕಿಯ ಬುಟ್ಟಿಯಲ್ಲಿದ್ದ ತತ್ತಿ ಮಾತ್ರ ಒಡೆದವು. ಸ್ಟೇರಿಂಗ್ ಜಾಮ್ ಆಯಿತು ಎಂದು ಅಪ್ಪ ಹೇಳಿದ. ಬಸ್ಸನ್ನು ಬಿಚ್ಚಿ ನೋಡಿದರೆ ಸ್ಟೇರಿಂಗಿಗೆ ಏನೂ ಆಗಿರಲಿಲ್ಲ. ಆಮೇಲೆ ತಪಾಸಣೆ ಮಾಡಿದ ಡಾಕ್ಟರು ಮನೆಯವರನ್ನು ಕರೆಸಿ, ಇವರಿಗೆ ಎಂದಾದರೂ ಮೈಮರೆತ ಹಾಗೆ ಆಗುತ್ತದೆಯೇ ಎಂದು ಕೇಳಿದರು. ಅವ್ವ ಸೆರಗು ಬಾಯಿಗೆ ಹಿಡಿದುಕೊಂಡು ಕೂತಳು. ನಾನು ಹೇಳಿದೆ. ಎರಡು ಸಲ ಆಗಿತ್ತು. ಒಂದು ಸಲ ಊಟಕ್ಕೆ ಕೂತಾಗ, ರೊಟ್ಟಿಯ ತುತ್ತು ಕೈಯಲ್ಲೇ ಇದ್ದು, ಕಣ್ಣು ತೆರೆದೇ ಇದ್ದು, ಪಲ್ಯದ ಎಣ್ಣೆ ಮೊಣಕೈವರೆಗೆ ಇಳಿಯುತ್ತಿದ್ದರೂ ಅಪ್ಪ ಇಪ್ಪತ್ತು ಎಣಿಸುವಷ್ಟು ಹೊತ್ತು ಅಲ್ಲಿ ಇರಲಿಲ್ಲ. ಕೂಗಿದರೆ ಕೇಳಿಸಲಿಲ್ಲ. ಆಮೇಲೆ ಏನೂ ಆಗಿಲ್ಲವೆಂಬಂತೆ ತುತ್ತು ಬಾಯಿಗಿಟ್ಟುಕೊಂಡ.

ಅದನ್ನೇ ಹೇಳಿದೆ. ಐವತ್ತು ಜನರನ್ನು ಕೂರಿಸಿಕೊಂಡು ಹೋಗುವವನ ವಿಷಯದಲ್ಲಿ ಸುಳ್ಳು ಹೇಳುವುದಾದರೂ ಹೇಗೆ? ಸ್ಟೇರಿಂಗ್ ಕಸಿದುಕೊಂಡು ಅವನನ್ನು ಡಿಪೋದೊಳಗೆ ಟೈರು ಎಣಿಸಲು ಕೂರಿಸಿದರು. ನಿವೃತ್ತಿ ಆಗುವವರೆಗೆ ಟೈರು ಎಣಿಸಿದ. ಆ ದಿನ ಡಾಕ್ಟರ ಕೋಣೆಯಿಂದ ಹೊರಗೆ ಬಂದವನು ಅವ್ವನಿಗೆ, "ನನ್ನ ಬಸ್ಸು ನಿಂದ್ರಿಸಿದಾಕಿ ಇವಳ" ಎಂದ. ಅದೇ ಕೊನೆ, ಮುಂದೆ ನನ್ನ ಹೆಸರು ಹಿಡಿದು ಕರೆಯಲಿಲ್ಲ.

ಆಟವನ್ನು ಮನೆಗೆ ತಂದವಳೂ ನಾನೇ. ಅಂಗಡಿಯಲ್ಲಿ ಹಳೆಯದಾಗಿದ್ದ ಡೆಸ್ಕ್‌ಟಾಪ್ ಒಂದನ್ನು ಮನೆಗೆ ತಂದು, ಒಬ್ಬರು ಬೇಡವೆಂದು ಬಿಟ್ಟುಹೋಗಿದ್ದ ಗ್ರಾಫಿಕ್ಸ್ ಕಾರ್ಡನ್ನು ಅದಕ್ಕೆ ಹಾಕಿ, ಬಸ್ಸು ಓಡಿಸುವ ಆಟವೊಂದನ್ನು ತುಂಬಿಸಿದೆ. ಮೇಜಿಗೆ ಬಿಗಿಯುವ ಹಳೆಯದೊಂದು ಸ್ಟೇರಿಂಗ್ ಚಕ್ರವೂ ಸಿಕ್ಕಿತು. ಯಾಕೆ ತಂದೆ ಎಂದು ಕೇಳಿದರೆ ನೆಟ್ಟಗೆ ಉತ್ತರ ಗೊತ್ತಿಲ್ಲ. ನಿವೃತ್ತಿಯಾದ ಮೇಲೆ ಅಪ್ಪ ಇಡೀ ದಿನ ಕಟ್ಟೆಯ ಮೇಲೆ ಕೂತು ಹೋಗಿ ಬರುವ ಬಸ್ಸಿನ ಗೇರು ಬದಲಾಗುವ ಸದ್ದು ಕೇಳಿ, "ಕ್ಲಚ್ ಸುಟ್ಟ ಮಗ" ಎಂದು ಬೈಯುತ್ತಿದ್ದ. ಅದನ್ನು ಕೇಳಿ ಕೇಳಿ ನನಗೆ ಸಾಕಾಗಿತ್ತು. ನಾಲ್ಕು ದಿನ ಅಪ್ಪ ಆ ಚಕ್ರದ ಕಡೆ ತಿರುಗಿಯೂ ನೋಡಲಿಲ್ಲ. ಐದನೆಯ ದಿನ ಅವ್ವ ನಗುತ್ತ ಅಂಗಡಿಗೆ ಫೋನು ಮಾಡಿದಳು. "ಪೆಟ್ಟಿಗ್ಯಾಗಿಂದ ಖಾಕಿ ಅಂಗಿ ತಗೀಸಿ ಹಾಕ್ಕೊಂಡು ಕುಂತಾರವ್ವ. ನನಗ ಹಿಂದ ಕುಂತು ರೈಟ್ ರೈಟ್ ಅನ್ನು ಅಂತಾರ."

ಆಟದ ರಸ್ತೆ ಯಾವುದೋ ಹೊರದೇಶದ್ದು, ಊರಿನ ಫಲಕಗಳನ್ನು ಓದಲೂ ಬರುವುದಿಲ್ಲ. ಅಪ್ಪನಿಗೆ ಅದು ಬೇಕಾಗಿಯೂ ಇರಲಿಲ್ಲ. ಗಡಿಯಾರ ನೋಡಿಕೊಂಡು ತನ್ನ ನಿಲ್ದಾಣಗಳನ್ನು ತಾನೇ ಕೂಗುತ್ತಿದ್ದ. ಹಿರೇಕೆರೂರು ಬಿಟ್ಟು ಇಷ್ಟು ಹೊತ್ತಿಗೆ ಇಂಥ ಊರು, ಇಷ್ಟು ಹೊತ್ತಿಗೆ ಇಂಥ ಕ್ರಾಸು. ಅವ್ವ ಹಿಂದೆ ಶೇಂಗಾ ಸುಲಿಯುತ್ತ ಕೂತು ರೈಟ್ ಹೇಳುತ್ತಿದ್ದಳು. ಬೆಳಗ್ಗೆ ಹತ್ತಕ್ಕೆ ಮೊದಲ ಟ್ರಿಪ್ಪು, ನಾನು ಅಷ್ಟರೊಳಗೆ ಅಂಗಡಿಗೆ ಹೋಗಿರುತ್ತಿದ್ದೆ. ಇದೆಲ್ಲ ನನಗೆ ಅವ್ವ ಹೇಳಿ ಗೊತ್ತು.

ಹದಿನೈದು ದಿನ ಓಡಿತು. ಆಮೇಲೆ ಬಂದ್ ಆಗಲು ಶುರುವಾಯಿತು. ಪರದೆ ಟಪ್ಪೆಂದು ಕಪ್ಪಾಗುತ್ತಿತ್ತು, ಫ್ಯಾನ್ ನಿಲ್ಲುತ್ತಿತ್ತು, ಒಂದು ಸೂಚನೆಯಿಲ್ಲ, ಒಂದು ಅಕ್ಷರವಿಲ್ಲ. ಅದೂ ದಿನಾ ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಬಸ್ಸು ಬಿಟ್ಟ ಇಪ್ಪತ್ತು-ಇಪ್ಪತ್ತೆರಡು ನಿಮಿಷಕ್ಕೆ. ಅಪ್ಪನ ಲೆಕ್ಕದಲ್ಲಿ ಅದು ಹಂಸಭಾವಿಗೆ ಎರಡು ಮೈಲಿ ಮುಂಚೆ.

"ಆವತ್ತ ಎಲ್ಲಿ ನಿಂದ್ರಿಸಿದ್ಲೊ ಅಲ್ಲೇ ನಿಂದ್ರಸ್ತಾಳ," ಎಂದ ಅವ್ವನಿಗೆ, ನಾನು ಒಳಗೆ ನೀರು ಕುಡಿಯುತ್ತಿದ್ದೆ. "ಅಂಗಡ್ಯಾಗ ಕುಂತು ಮೊಬೈಲಿನಾಗ ಬಂದ್ ಮಾಡ್ತಾಳ. ಆಕಿಗೆ ಎಲ್ಲಾ ಬರ್ತೈತಿ."

ಲೋಟ ಬೀಸಿ ಒಗೆಯಬೇಕೆನ್ನಿಸಿತು. "ಅವ್ವ, ನನಗ ಮಾಡಾಕ ಬ್ಯಾರೆ ಕೆಲಸ ಇಲ್ಲೇನು ಅಂತ ಕೇಳು," ಎಂದೆ.

"ಕೆಲಸ ಇದ್ರೂ ಇದಕ್ಕ ಪುರಸೊತ್ತು ಮಾಡ್ಕೋತಾಳ ಅಂತ ಹೇಳು," ಎಂದ.

ಆ ಸಂಜೆಯೇ ನಾನು ಕೂತೆ. ಅದೇ ಆಟ, ಅದೇ ಬಸ್ಸು, ಒಂದು ತಾಸು ಓಡಿಸಿದೆ. ನಾಲ್ಕು ಕಂಬ, ಒಂದು ಬೇಲಿ ಮುರಿದೆ, ಆದರೆ ಕಂಪ್ಯೂಟರು ಬಂದ್ ಆಗಲಿಲ್ಲ. ಮರುದಿನ ಸಂಜೆಯೂ ಹಾಗೇ. ಅಪ್ಪನಿಗೆ ಬೇಕಾದ ಸಾಕ್ಷಿಯನ್ನು ನಾನೇ ಕೈಯಾರೆ ಕೊಟ್ಟ ಹಾಗಾಯಿತು. "ಆಕಿ ಕುಂತ್ರ ಓಡ್ತೈತಿ, ನಾ ಕುಂತ್ರ ನಿಲ್ತೈತಿ. ಇನ್ನೇನ ಬೇಕು?" ಎಂದು ಕಟ್ಟೆಯ ಮೇಲೆ ನಾಲ್ಕು ಜನರ ಮುಂದೆ ಹೇಳಿದ. ನಾಲ್ವರೂ ಹೌದು ಹೌದು ಎಂದರು. ಆ ನಾಲ್ವರಲ್ಲಿ ಇಬ್ಬರ ಪಿಂಚಣಿ ಅರ್ಜಿ ತುಂಬಿಕೊಟ್ಟವಳು ನಾನು.

ನನಗೂ ಅವನ ಮೇಲೆ ಒಂದು ಅನುಮಾನ ಇತ್ತು, ಬಚ್ಚಿಡುವುದಿಲ್ಲ. ಮೈಮರೆತಾಗ ಕಾಲು ಬಡಿದು ಪ್ಲಗ್ಗು ಅಲುಗಾಡುತ್ತದೆಯೋ ಏನೋ ಎಂದುಕೊಂಡೆ. ಆವತ್ತು ಡಾಕ್ಟರು ಅದಕ್ಕೆ ದಿನಾ ನುಂಗಲು ಗುಳಿಗೆ ಬರೆದಿದ್ದರು. ಅವ್ವನನ್ನು ಅಡುಗೆಮನೆಗೆ ಕರೆದು, "ಗುಳಿಗಿ ನುಂಗ್ತಾರೋ ಇಲ್ಲೋ?" ಎಂದು ಕೇಳಿದೆ. ಅವ್ವ ಬದನೆಕಾಯಿ ಹೆಚ್ಚುತ್ತಿದ್ದಳು. "ಗುಳಿಗಿ ತಗೊಂಡ್ರ ಕೈ ಜಡ ಆಗ್ತಾವ, ಸ್ಟೇರಿಂಗ್ ಹಿಡಿಯಾಕ ಆಗೂದಿಲ್ಲ ಅಂತಿದ್ರು," ಎಂದಳು, ಸ್ವಲ್ಪ ತಡೆದು, "ಆದ್ರೂ ತಗೋತಾರ," ಎಂದಳು. ತಲೆಯೆತ್ತಲಿಲ್ಲ. ನಾನು ಮಂದಮತಿ, ಅಲ್ಲೇ ಬಿಟ್ಟೆ. ಪ್ಲಗ್ಗಿನ ಬೋರ್ಡನ್ನು ಗೋಡೆಗೆ ಎತ್ತರದಲ್ಲಿ ಬಡಿದು ಬಂದೆ, ಕಾಲು ತಾಗದ ಹಾಗೆ. ಮರುದಿನವೂ ಬಂದ್ ಆಯಿತು.

ಪವರ್ ಸಪ್ಲೈ ಹಾಳಾಗಿರಬೇಕೆಂದು ಸಿಪಿಯುವನ್ನು ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಹಾನಗಲ್ಲಿಗೆ ಹೋದೆ. ಅಲ್ಲಿ ಒಬ್ಬ ರಿಪೇರಿಯವನಿದ್ದಾನೆ, ಕೆಲಸ ಬಲ್ಲವನು, ಸೊಕ್ಕೂ ಅಷ್ಟೇ ಇದೆ. ಮುಚ್ಚಳ ತೆಗೆಯುವ ಮೊದಲೇ ಎರಡು ತಾಸು ಆಟ ಓಡಿಸಿದ. ಏನೂ ಆಗಲಿಲ್ಲ. ಇನ್ನು ಬಿಚ್ಚುವುದು ಯಾಕೆ ಎಂದು ಹಾಗೆಯೇ ಪಕ್ಕಕ್ಕೆ ಸರಿಸಿ, "ಮಶೀನಿಗೆ ಏನೂ ಆಗಿಲ್ರಿ. ನಿಮ್ಮ ಮನ್ಯಾಗ ತ್ರಾಸ ಐತಿ," ಎಂದ.

"ನಮ್ಮ ಮನ್ಯಾಗ ಏನ ತ್ರಾಸ ಐತಿ ಅಂತ ನಿಮಗ ಯಾರ ಹೇಳಿದ್ರು?" ಎಂದು ಎಗರಿದೆ.

ಅವನು ಗಾಬರಿಯಾದ. "ಕರೆಂಟಿಂದು ಹೇಳಿದ್ನಿರಿ," ಎಂದ.

ಕರೆಂಟು ಎಂದೊಡನೆ ನನಗೆ ಹೊಳೆದದ್ದು ಪಕ್ಕದ ಹಿಟ್ಟಿನ ಗಿರಣಿ. ಅದರ ಮೋಟರು ಶುರುವಾದರೆ ನಮ್ಮ ಮನೆಯ ಬಲ್ಬು ಕಣ್ಣು ಮಿಟುಕಿಸುತ್ತದೆ. ಬೆಳಗ್ಗೆ ಹತ್ತರ ಹೊತ್ತಿಗೇ ಗಿರಾಕಿ ಹೆಚ್ಚು, ಸಂಜೆ ಗಿರಣಿ ಇರುವುದಿಲ್ಲ. ಎಲ್ಲ ಸರಿಹೊಂದಿತು. ಹಾನಗಲ್ಲಿನಿಂದ ಬಂದ ಬಸ್ಸು ಇಳಿದವಳು ಮನೆಗೂ ಹೋಗದೆ, ಬಗಲಲ್ಲಿ ಸಿಪಿಯು ಇಟ್ಟುಕೊಂಡೇ ಗಿರಣಿಯ ಬಾಗಿಲಲ್ಲಿ ನಿಂತು ಬಾಯಿಗೆ ಬಂದ ಹಾಗೆ ಬೈದೆ. ಗಿರಣಿಯವನು ತಲೆಯ ಮೇಲಿನ ಹಿಟ್ಟು ಕೊಡವಿಕೊಂಡು ಪೂರ್ತಿ ಕೇಳಿಸಿಕೊಂಡ. ಆಮೇಲೆ, "ನಿಮ್ಮಪ್ಪನ ಬಸ್ಸು ಓಡ್ಲಿ ಅಂತ ಊರ ಮಂದಿ ರೊಟ್ಟಿ ನಿಂದ್ರಸ್ಲೇನ್ರಿ?" ಎಂದು ಕೇಳಿದ. ಸಾಲಿನಲ್ಲಿ ಜೋಳದ ಡಬ್ಬಿ ಹಿಡಿದು ನಿಂತ ಹೆಂಗಸರು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕರು. ಅಮಾವಾಸ್ಯೆಗೆ ಗಿರಣಿ ರಜೆ. ಅವತ್ತು ನೋಡೋಣ ಎಂದು ಕಾದೆ. ಅಮಾವಾಸ್ಯೆಯ ದಿನವೂ ಕಂಪ್ಯೂಟರು ಹಂಸಭಾವಿಗೆ ಎರಡು ಮೈಲಿ ಮುಂಚೆಯೇ ನಿಂತಿತು. ಗಿರಣಿಯವನಿಗೆ ತಪ್ಪಾಯಿತು ಎನ್ನಬೇಕಿತ್ತು. ಅನ್ನಲಿಲ್ಲ. ಈಗ ಎರಡು ಓಣಿ ದಾಟಿ ಬೇರೆ ಗಿರಣಿಗೆ ಹಿಟ್ಟು ಹಾಕಿಸುತ್ತೇನೆ.

ಅಲ್ಲಿಗೆ ನನ್ನ ಬುದ್ಧಿಯೂ ಮುಗಿದಿತ್ತು. ಸ್ಟೆಬಿಲೈಜರ್ ಕೂರಿಸಿದೆ, ಹಾರ್ಡ್ ಡಿಸ್ಕ್ ಅಳಿಸಿ ಎಲ್ಲವನ್ನೂ ಹೊಸದಾಗಿ ತುಂಬಿದೆ, ಹೊರಗಿನ ಕೇಬಲ್ಲು ಬದಲಿಸಿದೆ. ಊರ ಮಂದಿಯ ಕಂಪ್ಯೂಟರಿನ ಕೆಲಸ ಮಾಡುವವಳಿಗೆ ಸ್ವಂತ ಮನೆಯದು ಹಿಡಿತಕ್ಕೆ ಸಿಗುತ್ತಿಲ್ಲ ಎಂಬುದೂ ಓಣಿಯಲ್ಲಿ ಹರಡಿತು. ಅಪ್ಪನಿಗೆ ನಾನು ಮಾಡುವ ಒಂದೊಂದು ರಿಪೇರಿಯೂ ಒಂದೊಂದು ನಾಟಕವಾಗಿ ಕಂಡಿತು. ನನಗೆ ಬೇಕಾಗಿದ್ದದ್ದು ಒಂದೇ. ಬಂದ್ ಮಾಡಿದ್ದು ನೀನಲ್ಲ ಎಂದು ಅವನು ನನ್ನ ಮುಖ ನೋಡಿ ಹೇಳಬೇಕು. ಅವ್ವನ ಮುಖ ನೋಡಿ ಅಲ್ಲ, ನನ್ನ ಮುಖ ನೋಡಿ. ಅಷ್ಟು ಆಗುವವರೆಗೆ ಆ ದರಿದ್ರ ಪೆಟ್ಟಿಗೆಯನ್ನು ಬಿಡುವುದಿಲ್ಲ ಎಂದು ಹಲ್ಲು ಕಚ್ಚಿ ಕೂತಿದ್ದೆ.

ಒಂದು ದಿನ ಬಸ್ ಸ್ಟ್ಯಾಂಡಿನ ಕಡೆ ಇಂಟರ್ನೆಟ್ ಹೋಯಿತು. ಅಂಗಡಿಗೆ ಅರ್ಧ ಬಾಗಿಲು ಎಳೆದು ಹತ್ತೂ ಇಪ್ಪತ್ತರ ಸುಮಾರಿಗೆ ಮನೆಗೆ ಬಂದೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಒಳಗೆ ನೋಡಿದವಳು ಅಲ್ಲೇ ನಿಂತುಬಿಟ್ಟೆ.

ಮೇಜಿನ ಮೇಲಿದ್ದ ಸಿಪಿಯುವಿಗೆ ಪೂಜೆಯಾಗಿತ್ತು. ಮುಂದಿನ ಜಾಳಿಗೆಯ ಮೇಲೆ ಕೈಯಗಲದ ಸೇವಂತಿಗೆ ಹಾರ, ಅದೂ ಎರಡು ಸುತ್ತು, ನೀರು ಚಿಮುಕಿಸಿ ಒದ್ದೆ ಮಾಡಿದ್ದು. ಹಾರದ ಬುಡಕ್ಕೆ ಬಾಳೆಹಣ್ಣಿನ ತುಂಡಿಗೆ ಚುಚ್ಚಿದ ಐದು ಊದಿನಕಡ್ಡಿ, ಹೊಗೆ ನೆಟ್ಟಗೆ ಜಾಳಿಗೆಯೊಳಗೆ ಹೋಗುತ್ತಿತ್ತು. ನೆತ್ತಿಯ ಮೇಲೆ ನಿಂಬೆಹಣ್ಣು, ಪಕ್ಕಕ್ಕೆ ಮೂರೆಳೆ ವಿಭೂತಿ. ಮೂವತ್ತು ವರ್ಷ ಬೆಳಗಿನ ಮೊದಲ ಟ್ರಿಪ್ಪಿಗೆ ಮುಂಚೆ ಬಸ್ಸಿಗೆ ಮಾಡಿದ್ದನ್ನೇ ಅಪ್ಪ ಇದಕ್ಕೂ ಮಾಡುತ್ತಿದ್ದ. ನಾನು ನಕ್ಕೇನೆಂದು ಮಧ್ಯಾಹ್ನ ಎಲ್ಲ ತೆಗೆದು ಒರೆಸಿ ಇಡುತ್ತಿದ್ದರು. ಎರಡು ತಿಂಗಳು ಅವ್ವ ಒಂದು ಮಾತು ಬಾಯಿ ಬಿಟ್ಟಿರಲಿಲ್ಲ. ಅವನು ಖಾಕಿ ಅಂಗಿಯಲ್ಲಿ ಚಕ್ರ ಹಿಡಿದು ಕೂತಿದ್ದ, ಹಿಂದೆ ಅವ್ವ ಶೇಂಗಾದ ಮೊರ ಇಟ್ಟುಕೊಂಡಿದ್ದಳು. ನಾನು ಬಾಯಿ ತೆಗೆಯುವ ಮೊದಲೇ ಪರದೆ ಕಪ್ಪಾಯಿತು.

ಅಪ್ಪ ತಿರುಗಿ ನನ್ನನ್ನು ನೋಡಿದ. "ನೋಡಿದೇನು? ಬಾಗಿಲಾಗ ನಿಂತು ಬಂದ್ ಮಾಡಿದ್ಲು," ಎಂದ ಅವ್ವನಿಗೆ.

ನಾನು ಹೋಗಿ ಸಿಪಿಯುವಿನ ಮೈ ಮುಟ್ಟಿದೆ. ರೊಟ್ಟಿಯ ಹಂಚಿನ ಹಾಗೆ ಕಾದಿತ್ತು. ಹಾರ ಕಿತ್ತು ತೆಗೆದರೆ ಒಳಗಿನ ಫ್ಯಾನಿಗೆ ಸೇವಂತಿಗೆಯ ಎಸಳು ಅಂಟಿ, ಅವುಗಳ ಮೇಲೆ ಊದಿನಕಡ್ಡಿಯ ಮಸಿ ಕೂತು, ಗಾಳಿಯ ದಾರಿ ದಿನದಿಂದ ದಿನಕ್ಕೆ ಅರ್ಧ ಕಟ್ಟಿತ್ತು, ಉಳಿದರ್ಧವನ್ನು ಹಾರ ಮುಚ್ಚುತ್ತಿತ್ತು. ಕಾದು ಕೆಂಪಾದರೆ ಯಂತ್ರ ತಾನಾಗಿಯೇ ನಿಂತುಬಿಡುತ್ತದೆ, ಇಲ್ಲದಿದ್ದರೆ ಸುಟ್ಟುಹೋಗುತ್ತದೆ. ಸಂಜೆ ಹಾರ ಇರುತ್ತಿರಲಿಲ್ಲ, ನನಗೆ ಓಡುತ್ತಿತ್ತು. ಹಾನಗಲ್ಲಿನಲ್ಲೂ ಹಾರ ಇರಲಿಲ್ಲ. ಸಿಟ್ಟು ಎಷ್ಟು ಬಂದಿತ್ತೆಂದರೆ ಮಾತು ಮೆಲ್ಲಗೆ ಬಂತು.

"ಅವ್ವ, ರೇಡಿಯೇಟರ್ ಮುಂದ ಒದ್ದಿ ಗೋಣಿಚೀಲ ಕಟ್ಟಿ ಬಸ್ಸು ಓಡಿಸಿದ್ರ ಏನಾಕ್ಕೈತಿ ಅಂತ ಕೇಳು."

ಅವ್ವ ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ. ಸುಗ್ಗಿಯಲ್ಲಿ ಜನ ರಸ್ತೆಯ ಮೇಲೆ ಬೆಳೆ ಹರವುತ್ತಾರೆ, ಗಾಲಿ ಹಾಯ್ದು ಕಾಳು ಬಿಡಲಿ ಎಂದು. ಅದರ ಹೊಟ್ಟು ರೇಡಿಯೇಟರಿಗೆ ಮೆತ್ತಿ ಬಸ್ಸು ಕುದಿಯುವುದನ್ನು ಅಪ್ಪ ಜೀವಮಾನ ಪೂರ್ತಿ ನೋಡಿದವನು. ಎದ್ದು ಬಂದು, ಜಾಳಿಗೆಯನ್ನು ಬೆರಳಿನಿಂದ ಕೆರೆದು, ಮಸಿಯನ್ನು ಮೂಸಿ ನೋಡಿದ. ಮುಖ ಸಣ್ಣದಾಯಿತು.

"ಹಾರ ಇಂಜಿನ್ನಿಗಲ್ಲ, ದೇವರಿಗೆ ಅಂತ ಆಕಿಗೆ ಹೇಳು," ಎಂದ.

"ದೇವರು ಮ್ಯಾಲೆ ಇರ್ತಾನ, ಹಾರಾನೂ ಮ್ಯಾಲೆ ಹಾಕ್ರಿ ಅಂತ ಹೇಳವ್ವ."

ಅವನು ಸೈಕಲ್ಲಿನ ಪಂಪು, ಹಳೆಯ ಹಲ್ಲುಜ್ಜುವ ಬ್ರಶ್ಶು ತಂದು ನೆಲದ ಮೇಲೆ ಕೂತ. ನಾನು ಸ್ಕ್ರೂ ಬಿಚ್ಚಿಕೊಟ್ಟೆ. ಫ್ಯಾನಿನ ಒಂದೊಂದು ರೆಕ್ಕೆಯ ಸಂದಿಗೂ ಬ್ರಶ್ಶು ಹಾಕಿ, ಗಾಳಿ ಹೊಡೆದು, ಬಟ್ಟೆಯಿಂದ ಒರೆಸಿ, ಫ್ಯಾನನ್ನು ಬೆರಳಿನಿಂದ ತಿರುಗಿಸಿ ಕಿವಿಗೊಟ್ಟು ಕೇಳಿದ. ಅಷ್ಟು ಚೊಕ್ಕಟ ಕೆಲಸವನ್ನು ನಾನು ಹಾನಗಲ್ಲಿನವನಲ್ಲೂ ನೋಡಿಲ್ಲ. ಒಂದು ತಾಸು ಇಬ್ಬರೂ ಎದುರುಬದುರು ಕೂತಿದ್ದೆವು. ಸ್ಕ್ರೂ ಬೇಕಾದಾಗ ಅಂಗೈ ಚಾಚುತ್ತಿದ್ದ, ಇಡುತ್ತಿದ್ದೆ. ಈಗಲಾದರೂ ಹೇಳುತ್ತಾನೆ ಎಂದು ಕಾದೆ. ಸಂಜೆ ಅಂಗಡಿಯಿಂದ ಬರುವಾಗ ಕಟ್ಟೆಯ ಮೇಲೆ ಅವನ ದನಿ ಕೇಳಿಸಿತು: "ರೇಡಿಯೇಟರ್ ಕಟ್ಟಿತ್ತು. ಎರಡು ತಿಂಗಳು ಹುಡುಕಿದ್ಲು, ಆಕಿಗೆ ಗೊತ್ತಾಗಲಿಲ್ಲ. ನಾ ಕಂಡುಹಿಡಿದೆ." ನನಗೆ ಅಳು ಬರಲಿಲ್ಲ. ಆ ಕಟ್ಟೆಯನ್ನೇ ಕಿತ್ತು ಹಾಕಬೇಕೆನ್ನಿಸಿತು.

ಆ ಭಾನುವಾರ ಅಂಗಡಿ ತೆಗೆಯಲಿಲ್ಲ. ಪರದೆಯ ಮೂಲೆಯಲ್ಲಿ ಬಿಸಿ ಎಷ್ಟಿದೆ ಎಂದು ತೋರಿಸುವ ಅಂಕಿ ಬರುವ ಹಾಗೆ ಮಾಡಿ, ಅವನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ಹಂಸಭಾವಿ ದಾಟುವುದನ್ನು ನಾನು ಕಣ್ಣಾರೆ ನೋಡಬೇಕಿತ್ತು, ಅವನು ನನ್ನ ಮುಂದೆಯೇ ದಾಟಬೇಕಿತ್ತು. ಹಾರ ಈಗ ನೆತ್ತಿಯ ಮೇಲೆ ಇತ್ತು, ಒಂದೇ ಸುತ್ತು. ಊದಿನಕಡ್ಡಿ ಕಿಟಕಿಯ ಹತ್ತಿರ ಹೋಗಿತ್ತು. ಅವ್ವ ರೈಟ್ ಎಂದಳು.

ಇಪ್ಪತ್ತು ನಿಮಿಷ ಆಯಿತು. ಅಂಕಿ ಏರಲಿಲ್ಲ. ಇಪ್ಪತ್ತೆರಡಾಯಿತು. ಅಪ್ಪನ ಹೆಬ್ಬೆರಳು ಚಕ್ರವನ್ನು ಒತ್ತಿ ಬಿಳಿಚಿತ್ತು. ಇಪ್ಪತ್ತೈದಕ್ಕೆ ಗಂಟಲು ಸರಿಮಾಡಿಕೊಂಡು, "ಹಂಸಭಾವಿ. ಇಳಿಯೋರು ಇಳೀರಿ," ಎಂದು ಕೂಗಿದ. ಅವನು ಆ ಊರಿನ ಹೆಸರು ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವ್ವ ಕಣ್ಣು ಒರೆಸಿಕೊಂಡು, ಕಂಡಕ್ಟರಿಗೂ ಚಹಾ ಬೇಕು ಎಂದು ಗೊಣಗುತ್ತ ಒಳಗೆ ಹೋದಳು. ಅಪ್ಪ ನನ್ನ ಕಡೆ ಅರ್ಧ ತಿರುಗಿದ. ತುಟಿ ಬಿಚ್ಚಿತ್ತು. ಈಗ ಹೇಳುತ್ತಾನೆ ಎಂದು ನಾನು ಸ್ಟೂಲನ್ನು ಹತ್ತಿರ ಎಳೆದುಕೊಂಡೆ. ಎದುರಿನಿಂದ ಒಂದು ಲಾರಿ ಬಂತು, ಅವನು ಮತ್ತೆ ರಸ್ತೆಗೆ ತಿರುಗಿದ.

ಮುಂದೆ ಒಂದು ತಿರುವು ಇತ್ತು. ಬಸ್ಸು ತಿರುಗಲಿಲ್ಲ. ನೆಟ್ಟಗೆ ಹೋಗಿ, ಹುಲ್ಲಿಗೆ ಇಳಿದು, ಒಂದು ಬೇಲಿಯನ್ನು ತಳ್ಳಿಕೊಂಡು ಹೊಲದೊಳಗೆ ನುಗ್ಗಿತು. ಬೇಕೆಂದೇ ಆಡುತ್ತಿದ್ದಾನೆ ಎಂದುಕೊಂಡು, ಅವ್ವ ಒಳಗೆ ಹೋಗಿದ್ದನ್ನೂ ಮರೆತು, "ಅವ್ವ, ಬಸ್ಸು ಎತ್ತ ಹೊಂಟೈತಿ ಅಂತ ಕೇಳು," ಎಂದೆ. ಆಮೇಲೆ ಅವನ ಕೈ ನೋಡಿದೆ. ಚಕ್ರದ ಮೇಲೆ ಸುಮ್ಮನೆ ಇಟ್ಟಿದ್ದ. ಕಣ್ಣು ತೆರೆದೇ ಇತ್ತು. ತುಟಿ ಮಾತ್ರ ಏನನ್ನೋ ಚಪ್ಪರಿಸುವ ಹಾಗೆ ಆಡುತ್ತಿತ್ತು. ಅಪ್ಪಾ ಎಂದೆ. ಅವನು ಅಲ್ಲಿ ಇರಲಿಲ್ಲ.

ಮೂಲೆಯ ಅಂಕಿ ತಂಪಾಗಿಯೇ ಇತ್ತು. ಪರದೆ ಬೆಳಗುತ್ತಿತ್ತು. ಎಲ್ಲ ಸರಿಯಾಗಿತ್ತು, ನಾನೇ ಸರಿಮಾಡಿದ್ದೆ. ಬಸ್ಸು ಹೊಲದಲ್ಲಿ ನಿಂತು ಗುರುಗುಡುತ್ತಿತ್ತು, ಅವನಿಗೆ ಎಚ್ಚರವಾದ ತಕ್ಷಣ ಅದೇ ಕಣ್ಣಿಗೆ ಬೀಳಲಿತ್ತು. ಆ ದಿನ ಸ್ಟೇರಿಂಗಿಗೆ ಏನೂ ಆಗಿರಲಿಲ್ಲ ಎಂಬುದೂ, ನಾನು ಡಾಕ್ಟರಿಗೆ ಹೇಳಿದ್ದು ನಿಜ ಎಂಬುದೂ ಅವನಿಗೆ ಅಲ್ಲೇ ಗೊತ್ತಾಗಲಿತ್ತು. ಒಂಬತ್ತು ವರ್ಷ ನಾನು ಬೇಡಿಕೊಂಡದ್ದು ಇದನ್ನೇ. ಕೈಗೆ ಬಂದಿತ್ತು.

ಎಡಗೈ ಚಾಚಿ ಸಿಪಿಯುವಿನ ಸ್ವಿಚ್ಚು ಒತ್ತಿ ಹಿಡಿದೆ. ಒಂದು, ಎರಡು, ಮೂರು, ನಾಲ್ಕು. ಪರದೆ ಕಪ್ಪಾಯಿತು. ಕೈ ಹಿಂದಕ್ಕೆ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ.

ಸ್ವಲ್ಪ ಹೊತ್ತಿಗೆ ಅಪ್ಪ ಕಣ್ಣು ಮಿಟುಕಿಸಿದ. ಕಪ್ಪು ಪರದೆ ನೋಡಿದ. ಹಿಂದೆ ತಿರುಗಿದ, ಅವ್ವ ಇರಲಿಲ್ಲ. ಕೋಣೆಯಲ್ಲಿ ಇದ್ದವಳು ನಾನೊಬ್ಬಳೇ. ನನ್ನ ಮುಖ ನೋಡಿದ.

"ಮತ್ತ ಬಂದ್ ಆತೇನು?" ಎಂದು ಕೇಳಿದ.

"ಹೂಂನ್ರಿ," ಎಂದೆ. "ಮಶೀನ ಬಂದ್ ಆತು."

"ತೊಳದಿ, ಬಳದಿ, ಎರಡು ತಿಂಗಳು ಊರ ತುಂಬಾ ಜಗಳಾಡಿದಿ. ಇಷ್ಟ ಏನು ನಿನ್ನ ಶ್ಯಾಣ್ಯಾತನ?"

"ನಂದ ತಪ್ಪುರಿ."

ಹುಟ್ಟಿದಾಗಿನಿಂದ ಆ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಗಿರಣಿಯವನಿಗೂ ಹೇಳಿರಲಿಲ್ಲ. ಅಪ್ಪ ಇನ್ನೂ ಏನೇನೋ ಬೈದ, ನೇರವಾಗಿ ನನಗೇ ಬೈದ. ನಾನು ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡೆ. ಚಹಾ ತಂದ ಅವ್ವ ಬಾಗಿಲಲ್ಲೇ ನಿಂತು ಇಬ್ಬರನ್ನೂ ನೋಡಿದಳು.

ಆಮೇಲೆ ಅಡುಗೆಮನೆಗೆ ಹೋಗಿ ಗುಳಿಗೆಯ ಡಬ್ಬಿ ಬಗ್ಗಿಸಿದೆ. ಎರಡು ತಿಂಗಳ ಗುಳಿಗೆ ಹಾಗೆಯೇ ಇದ್ದವು, ಒಂದು ಪಟ್ಟಿಯನ್ನೂ ಒಡೆದಿರಲಿಲ್ಲ. ಅವ್ವನಿಗೆ ಏನೇನು ಅಂದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. "ಆಟ ಬಂದ ಮ್ಯಾಲೆ ಒಂದೀಟ ನಗ್ತಿದ್ರವ್ವ, ಅದಕ್ಕ ಸುಮ್ನಿದ್ದೆ," ಎಂದು ಅತ್ತಳು. ಸೋಮವಾರ ನಾನೊಬ್ಬಳೇ ಡಾಕ್ಟರ ಹತ್ತಿರ ಹೋಗಿ, ನಡೆದದ್ದನ್ನು ನಡೆದ ಹಾಗೆ ಹೇಳಿದೆ, ಎರಡನೆಯ ಸಲ. ಅವರು ಕೈ ಜಡವಾಗದ ಬೇರೆ ಗುಳಿಗೆ ಬರೆದು, ಆ ವಾರವೇ ಅವರನ್ನು ಕರೆದುಕೊಂಡು ಬಾ ಎಂದರು.

ಮಂಗಳವಾರ ಬೆಳಗ್ಗೆ ಅಪ್ಪ ಖಾಕಿ ಅಂಗಿ ಹಾಕಿಕೊಂಡು ಬಂದು ಕೂತ. ನಾನು ಚಕ್ರದ ಪಕ್ಕದಲ್ಲಿ ಒಂದು ಗುಳಿಗೆ, ಒಂದು ಲೋಟ ನೀರು ಇಟ್ಟು, ಪ್ಲಗ್ಗಿನ ಸ್ವಿಚ್ಚಿಗೆ ಅಡ್ಡ ನಿಂತೆ.

"ದಿನಾ ಇದನ್ನ ನನ್ನ ಕಣ್ಣ ಮುಂದ ನುಂಗ್ಬೇಕು. ನುಂಗಿದ ಮ್ಯಾಲೆನ ಮಶೀನ ಚಾಲೂ ಆಕ್ಕೈತಿ. ಇಲ್ಲಂದ್ರ ಮತ್ತ ಬಂದ್ ಆಕ್ಕೈತಿ," ಎಂದೆ.

ಅಪ್ಪ ಗುಳಿಗೆಯನ್ನು ನೋಡಿದ. ಸಿಪಿಯುವನ್ನು ನೋಡಿದ. ಆಮೇಲೆ ಭಾನುವಾರ ಸ್ವಿಚ್ಚು ಒತ್ತಿದ್ದ ನನ್ನ ಎಡಗೈಯನ್ನು ಬಹಳ ಹೊತ್ತು ನೋಡಿದ. ಕಂಪ್ಯೂಟರಿಗೂ ಗುಳಿಗೆಗೂ ಏನು ಸಂಬಂಧ ಎಂದು ಅವನು ಕೇಳಬಹುದಿತ್ತು, ಕೇಳಲಿಲ್ಲ. ನುಂಗಿ, ಖಾಲಿ ಲೋಟವನ್ನು ನನ್ನ ಕೈಗೆ ಕೊಟ್ಟು, "ಚಾಲೂ ಮಾಡು," ಎಂದ.